1.8 ಸೆಕೆಂಡಿನ ಸುತ್ತು

ಗ್ರಾಮಫೋನ್ ತಟ್ಟೆಯ ಒಂದು ಮಗ್ಗುಲಲ್ಲಿ ಸಾಮಾನ್ಯವಾಗಿ ಇರುವುದು ಒಂದೇ ಗೀರು. ಅದು ಅಂಚಿನಲ್ಲಿ ಶುರುವಾಗಿ, ಸುರುಳಿ ಸುತ್ತುತ್ತಾ ಒಳಬಂದು, ನಡುವಿನ ಕಾಗದದ ಚೀಟಿಯ ಬಳಿ ಮುಗಿಯುತ್ತದೆ. ಆದರೆ ಗೀರಿನ ಕೊನೆಯನ್ನು ಅದರ ಮೊದಲಿಗೇ ತಂದು ಕೂಡಿಸಿದರೆ ಅದು ಮುಚ್ಚಿದ ವೃತ್ತವಾಗುತ್ತದೆ. ಸೂಜಿ ಒಮ್ಮೆ ಅದರೊಳಗೆ ಬಿದ್ದರೆ ಯಾರಾದರೂ ಕೈಯಿಂದ ಎತ್ತುವವರೆಗೂ ಅಲ್ಲೇ ತಿರುಗುತ್ತಿರುತ್ತದೆ. ನಿಮಿಷಕ್ಕೆ 33⅓ ಸಲ ತಿರುಗುವ ತಟ್ಟೆಯಲ್ಲಿ ಒಂದು ಸುತ್ತಿಗೆ ಹಿಡಿಯುವ ಕಾಲ 1.8 ಸೆಕೆಂಡು. ಅಷ್ಟರೊಳಗೆ ಸಮ ಅಂತರದ ನಾಲ್ಕು ಏಟುಗಳನ್ನು ಕೂರಿಸಿದರೆ ನಿಮಿಷಕ್ಕೆ ಸುಮಾರು 133 ಏಟುಗಳ ಲಯ ಸಿಗುತ್ತದೆ. ಟೆಕ್ನೋ ಸಂಗೀತಕ್ಕೆ ಜನ ಕುಣಿಯುವ ವೇಗವೂ ಹೆಚ್ಚುಕಡಿಮೆ ಅದೇ.

1994ರಲ್ಲಿ ಡೆಟ್ರಾಯಿಟ್‌ನ ಜೆಫ್ ಮಿಲ್ಸ್ ತನ್ನ ಆಕ್ಸಿಸ್ ಲೇಬಲ್ಲಿನಿಂದ ತಂದ 'ಸೈಕಲ್ 30' ಎಂಬ ರೆಕಾರ್ಡಿನಲ್ಲಿ ಇಂಥ ಮುಚ್ಚಿದ ಗೀರುಗಳಿದ್ದವು. ಹಾಡು ಶುರುವಾಗಿ ಬೆಳೆದು ಮುಗಿಯುತ್ತದೆ ಎಂಬ ನಿರೀಕ್ಷೆಯನ್ನೇ ಆ ತಟ್ಟೆ ಕೈಬಿಟ್ಟಿತ್ತು. ತಾಳದ ಮಾತಿನಲ್ಲಿ ಹೇಳುವುದಾದರೆ ಅಲ್ಲಿದ್ದದ್ದು ಆವರ್ತ ಮಾತ್ರ. ಅದರ ಮೇಲೆ ಏನು ಕಟ್ಟಬೇಕೆಂಬುದು ರೆಕಾರ್ಡ್ ನುಡಿಸುವ ಡಿಜೆಯ ಪಾಲಿನ ಕೆಲಸ. ಅದೇ ವರ್ಷ, ಅದೇ ಲೇಬಲ್ಲಿನಿಂದ, ಮಿಲ್ಸ್‌ನ ಗೆಳೆಯ ರಾಬರ್ಟ್ ಹುಡ್‌ನ 'ಮಿನಿಮಲ್ ನೇಷನ್' ಬಂತು. ಮುಂದೆ ಒಂದು ಇಡೀ ಸಂಗೀತ ಪ್ರಕಾರಕ್ಕೆ ಅಂಟಿಕೊಂಡ 'ಮಿನಿಮಲ್' ಎಂಬ ಹೆಸರು ಈ ಶೀರ್ಷಿಕೆಯಲ್ಲಿ ಆಗಲೇ ಇತ್ತು.

ಮಿನಿಮಲ್ ಎಂದರೆ ಕನಿಷ್ಠ. ಈ ಸಂಗೀತವನ್ನು ಮೊದಲ ಸಲ ಕೇಳಿದವರಿಗೆ ಅದು ಯಾವುದೋ ಶ್ರೀಮಂತ ನಗರದ ಬಿಳಿ ಗೋಡೆಯ ಕಲಾಶಾಲೆಯಲ್ಲಿ ಹುಟ್ಟಿದ್ದಿರಬಹುದು ಎನ್ನಿಸುತ್ತದೆ. ಆದರೆ ಅದು ಹುಟ್ಟಿದ್ದು ಇದ್ದದ್ದನ್ನೆಲ್ಲ ಕಳೆದುಕೊಳ್ಳುತ್ತಿದ್ದ ಊರಿನಲ್ಲಿ.

ಮೋಟಾರು ಕಾರುಗಳ ರಾಜಧಾನಿಯಾಗಿದ್ದ ಡೆಟ್ರಾಯಿಟ್‌ನಲ್ಲಿ 1950ರಲ್ಲಿ ಸುಮಾರು 18.5 ಲಕ್ಷ ಜನರಿದ್ದರು. 2010ರ ಜನಗಣತಿಯ ಹೊತ್ತಿಗೆ ಉಳಿದವರು 7,13,777. ಕಾರ್ಖಾನೆಗಳು ಹೊರವಲಯಗಳಿಗೂ ಬೇರೆ ರಾಜ್ಯಗಳಿಗೂ ಹೋದವು, ಬಿಳಿಯರು ಉಪನಗರಗಳಿಗೆ ಹೋದರು. 1967ರ ಜುಲೈನ ಜನಾಂಗೀಯ ದಂಗೆಯಲ್ಲಿ 43 ಜನ ಸತ್ತರು. 1959ರಲ್ಲಿ ಬೆರಿ ಗಾರ್ಡಿ ಕಟ್ಟಿದ್ದ, ಕಪ್ಪು ಜನರ ಸಂಗೀತವನ್ನು ಅಮೆರಿಕದ ಮನೆಮನೆಗೆ ಮುಟ್ಟಿಸಿದ ಮೋಟೌನ್ ಕಂಪನಿಯೂ 1972ರಲ್ಲಿ ಲಾಸ್ ಏಂಜಲೀಸ್‌ಗೆ ಹೊರಟುಹೋಯಿತು. ಊರಿನಲ್ಲಿ ಉಳಿದ ಕಪ್ಪು ಹುಡುಗರ ಪಾಲಿಗೆ ದೊಡ್ಡ ಸ್ಟುಡಿಯೋ ಇರಲಿಲ್ಲ, ದೊಡ್ಡ ಕಂಪನಿ ಇರಲಿಲ್ಲ.

ಇದ್ದದ್ದು ಯಾರಿಗೂ ಬೇಡವಾದ ಯಂತ್ರಗಳು. ಜಪಾನಿನ ರೋಲ್ಯಾಂಡ್ ಕಂಪನಿ 1980ರಲ್ಲಿ ಟಿಆರ್-808 ಎಂಬ ಡ್ರಮ್ ಯಂತ್ರವನ್ನೂ, ಆಮೇಲೆ ಟಿಬಿ-303 ಎಂಬ ಪುಟ್ಟ ಬಾಸ್ ಯಂತ್ರವನ್ನೂ, ಟಿಆರ್-909 ಎಂಬ ಇನ್ನೊಂದು ಡ್ರಮ್ ಯಂತ್ರವನ್ನೂ ಮಾರುಕಟ್ಟೆಗೆ ಬಿಟ್ಟಿತು. 303 ತಯಾರಾಗಿದ್ದು ಒಬ್ಬನೇ ಅಭ್ಯಾಸ ಮಾಡುವ ಗಿಟಾರ್ ವಾದಕನ ಜೊತೆಗೆ ಬಾಸ್ ನುಡಿಸಲಿ ಎಂದು. ನಿಜವಾದ ಬಾಸ್ ಗಿಟಾರಿನಂತೆ ಅದು ಕೇಳಿಸಲೇ ಇಲ್ಲ. ಕೆಲವೇ ವರ್ಷಗಳಲ್ಲಿ ಮೂರರ ತಯಾರಿಕೆಯೂ ನಿಂತಿತು, ಹಳೆಯ ಸಾಮಾನಿನ ಅಂಗಡಿಗಳಲ್ಲಿ ಅಗ್ಗಕ್ಕೆ ಸಿಗತೊಡಗಿದವು.

ಷಿಕಾಗೊದಲ್ಲಿ ಇವುಗಳಿಂದ 'ಹೌಸ್' ಬೆಳೆಯಿತು. 1977ರಲ್ಲಿ ಅಲ್ಲಿ ಶುರುವಾದ 'ವೇರ್‌ಹೌಸ್' ಎಂಬ ಕ್ಲಬ್ಬಿನಲ್ಲಿ ಫ್ರ್ಯಾಂಕಿ ನಕಲ್ಸ್ ಡಿಸ್ಕೊ ರೆಕಾರ್ಡುಗಳನ್ನು ಹಿಗ್ಗಿಸಿ, ಜೋಡಿಸಿ ನುಡಿಸುತ್ತಿದ್ದ. ಬಂದವರಲ್ಲಿ ಹೆಚ್ಚಿನವರು ಕಪ್ಪು ಮತ್ತು ಲ್ಯಾಟಿನೊ ಜನ, ಬಹಳಷ್ಟು ಮಂದಿ ಸಲಿಂಗಿಗಳು. ಆ ಕ್ಲಬ್ಬಿನ ಹೆಸರಿನ ಬಾಲವೇ ಸಂಗೀತದ ಹೆಸರಾಯಿತು. 1987ರಲ್ಲಿ ಫ್ಯೂಚರ್ ಎಂಬ ತಂಡ ಟಿಬಿ-303ರ ಗುಂಡಿಗಳನ್ನು ಸುಮ್ಮನೆ ತಿರುಗಿಸುತ್ತಾ ಹೋಗಿ 'ಆಸಿಡ್ ಟ್ರ್ಯಾಕ್ಸ್' ಮಾಡಿತು. ಹನ್ನೊಂದು ನಿಮಿಷದ ಆ ರೆಕಾರ್ಡಿನಲ್ಲಿ ಡ್ರಮ್ಮೂ, ಕೀರಲುವ ಬಾಸೂ ಬಿಟ್ಟರೆ ಬೇರೇನೂ ಇಲ್ಲವೆನ್ನುವಷ್ಟು ಕಡಿಮೆ.

ಡೆಟ್ರಾಯಿಟ್‌ನಲ್ಲಿ ಇದೇ ಯಂತ್ರಗಳಿಂದ 'ಟೆಕ್ನೋ' ಬಂತು. ಹತ್ತಿರದ ಬೆಲ್‌ವಿಲ್ ಎಂಬ ಊರಿನ ಶಾಲೆಯಲ್ಲಿ ಜೊತೆಗೆ ಓದಿದ ವಾನ್ ಆಟ್ಕಿನ್ಸ್, ಡೆರಿಕ್ ಮೇ ಮತ್ತು ಕೆವಿನ್ ಸಾಂಡರ್ಸನ್ ಅದನ್ನು ಕಟ್ಟಿದರು. ಕಂಪನಿಗಳ ಬಾಗಿಲಲ್ಲಿ ಕಾಯದೆ ತಮ್ಮವೇ ಲೇಬಲ್ ತೆರೆದರು. ಆಟ್ಕಿನ್ಸ್‌ನ ಮೆಟ್ರೋಪ್ಲೆಕ್ಸ್ 1985ರಲ್ಲಿ, ಮೇಯ ಟ್ರಾನ್ಸ್‌ಮ್ಯಾಟ್ 1986ರಲ್ಲಿ, ಸಾಂಡರ್ಸನ್‌ನ ಕೆಎಂಎಸ್ 1987ರಲ್ಲಿ. ಇಲ್ಲಿ ಲೇಬಲ್ ಎಂದರೆ ದೊಡ್ಡ ಸಂಸ್ಥೆಯಲ್ಲ. ಒಂದು ಕೋಣೆ, ಒಂದು ಫೋನು, ಗೋಡೆಗೆ ಒರಗಿಸಿದ ರೆಕಾರ್ಡ್ ಪೆಟ್ಟಿಗೆಗಳು. ಕೈಯಲ್ಲಿದ್ದ ದುಡ್ಡಿಗೆ ಕೆಲವು ನೂರು ಪ್ರತಿ ಒತ್ತಿಸುವುದು, ಅವು ಮಾರಿದ ದುಡ್ಡಿನಲ್ಲಿ ಮುಂದಿನದನ್ನು ಒತ್ತಿಸುವುದು. 1988ರಲ್ಲಿ ಬ್ರಿಟನ್ನಿನಿಂದ ಡೆಟ್ರಾಯಿಟ್‌ನ ರೆಕಾರ್ಡುಗಳ ಸಂಕಲನವೊಂದು ಹೊರಬಂದಾಗ ಅದರ ಶೀರ್ಷಿಕೆಯಲ್ಲಿ 'ಟೆಕ್ನೋ' ಎಂಬ ಪದವಿತ್ತು. ಹೆಸರು ಯುರೋಪಿನಲ್ಲಿ ನಿಂತಿತು.

ಹೊಸ ರೆಕಾರ್ಡ್ ಬಿಡುಗಡೆಯಾಗುವುದೆಂದರೆ ಏನು ಎಂಬುದನ್ನು ಇಲ್ಲಿ ಸ್ವಲ್ಪ ನಿಧಾನವಾಗಿ ನೋಡಬೇಕು. ಟೇಪಿನಲ್ಲಿರುವ ಸಂಗೀತವನ್ನು ಮೊದಲು ಅಲ್ಯೂಮಿನಿಯಂ ತಟ್ಟೆಯ ಮೇಲೆ ಲೇಪಿಸಿದ ಮೆದುವಾದ ಅರಗಿನಂಥ ಪದರದಲ್ಲಿ ಕೊರೆಯಬೇಕು. ಇದನ್ನು ಲ್ಯಾಕರ್ ಎನ್ನುತ್ತಾರೆ. ಅದರಿಂದ ಲೋಹದ ಅಚ್ಚು ಎತ್ತಿ, ಆ ಅಚ್ಚಿನಿಂದ ಬಿಸಿ ಪ್ಲಾಸ್ಟಿಕ್ಕನ್ನು ಒತ್ತಬೇಕು. ಕೊರೆಯುವ ಹಂತದಲ್ಲಿ ಪ್ರತಿಯೊಂದಕ್ಕೂ ಬೆಲೆ ಇದೆ. ಮಂದ್ರದ ಸದ್ದು ಜೋರಾದಷ್ಟೂ ಗೀರು ಅಗಲವಾಗಿ ಓಲಾಡುತ್ತದೆ, ಜಾಗ ನುಂಗುತ್ತದೆ, ಹಾಡಿನ ಅವಧಿ ಕಡಿಮೆಯಾಗುತ್ತದೆ. ಮಂದ್ರ ಎಡಬಲಗಳಲ್ಲಿ ಬೇರೆಬೇರೆಯಾಗಿದ್ದರೆ ಗೀರಿನ ಆಳ ಏರುಪೇರಾಗಿ ಸೂಜಿ ಹಾರುವ ಭಯ. ಆದ್ದರಿಂದ ಕಿಕ್ ಡ್ರಮ್ಮನ್ನು ನಡುವಿನಲ್ಲಿ ಕೂರಿಸಬೇಕು. ತಟ್ಟೆಯ ಒಳಸುತ್ತುಗಳಲ್ಲಿ ಸೂಜಿಯ ಕೆಳಗೆ ಸರಿಯುವ ಗೀರಿನ ವೇಗ ಹೊರಸುತ್ತಿನ ಅರ್ಧಕ್ಕೂ ಇಳಿಯುವುದರಿಂದ ತಾರದ ಸದ್ದು ಮಸುಕಾಗುತ್ತದೆ. ಹತ್ತು ವಾದ್ಯ ತುಂಬಿದರೆ ಹತ್ತೂ ಈ ಜಾಗಕ್ಕಾಗಿ ಜಗಳವಾಡುತ್ತವೆ. ಮೂರೇ ಇದ್ದರೆ ಮೂರೂ ಎದೆಗೆ ಬಡಿಯುತ್ತವೆ. ಕಡಿಮೆ ಇಡುವುದರ ಲಾಭವನ್ನು ತಟ್ಟೆಯೇ ಕಲಿಸುತ್ತಿತ್ತು.

ಡೆಟ್ರಾಯಿಟ್‌ನಲ್ಲಿ ಈ ಪಾಠ ಹೇಳುವ ಒಬ್ಬ ಮೇಷ್ಟ್ರಿದ್ದ. ಹೆಸರು ರಾನ್ ಮರ್ಫಿ. ಹಳೆಯ ಸೋಲ್ ಸಂಗೀತದ ಹುಚ್ಚಿನ ಈ ಮನುಷ್ಯ ಕೊರೆಯುವ ಲೇತ್ ಒಂದನ್ನು ಇಟ್ಟುಕೊಂಡು ಆ ಊರಿನ ಟೆಕ್ನೋ ರೆಕಾರ್ಡುಗಳ ಲ್ಯಾಕರ್ ತಯಾರಿಸುತ್ತಿದ್ದ. ವಯಸ್ಸಿನಲ್ಲಿ ತನಗಿಂತ ತೀರ ಚಿಕ್ಕವರಾದ ಹುಡುಗರು ಟೇಪು ಹಿಡಿದು ಬಂದರೆ ಅವನು ಕೊರೆದು ಕಳಿಸುವುದಷ್ಟೇ ಮಾಡುತ್ತಿರಲಿಲ್ಲ, ಜೊತೆಗೆ ಕೂತು ಪ್ರಯೋಗ ಮಾಡುತ್ತಿದ್ದ. ಮುಚ್ಚಿದ ಗೀರುಗಳು, ಒಳಗಿನಿಂದ ಹೊರಕ್ಕೆ ನುಡಿಯುವ ತಟ್ಟೆಗಳು ಅವನ ಲೇತ್‌ನಿಂದ ಬಂದವು. ಕೆಲಸ ಮುಗಿದ ಮೇಲೆ, ಚೀಟಿಯ ಸುತ್ತಲಿನ ಖಾಲಿ ಜಾಗದಲ್ಲಿ ತನ್ನ ನ್ಯಾಷನಲ್ ಸೌಂಡ್ ಕಾರ್ಪೊರೇಷನ್ನಿನ ಗುರುತಾಗಿ ಎನ್‌ಎಸ್‌ಸಿ ಎಂಬ ಮೂರು ಅಕ್ಷರಗಳನ್ನು ಗೀಚುತ್ತಿದ್ದ. ಬೆಳಕಿಗೆ ಓರೆಯಾಗಿ ಹಿಡಿದರೆ ಮಾತ್ರ ಕಾಣುವ ಅಕ್ಷರಗಳು.

ಮಿಲ್ಸ್ ಮತ್ತು ಹುಡ್ ಇಬ್ಬರೂ ಮೊದಲಿಗೆ 'ಅಂಡರ್‌ಗ್ರೌಂಡ್ ರೆಸಿಸ್ಟೆನ್ಸ್' ಎಂಬ ಗುಂಪಿನಲ್ಲಿದ್ದವರು. ಮೈಕ್ ಬ್ಯಾಂಕ್ಸ್ ಮುನ್ನಡೆಸಿದ ಆ ಗುಂಪು ಮುಖ ತೋರಿಸುತ್ತಿರಲಿಲ್ಲ. ಮುಸುಕು ಹಾಕಿಕೊಂಡು ವೇದಿಕೆ ಹತ್ತುತ್ತಿತ್ತು, ದೊಡ್ಡ ಕಂಪನಿಗಳಿಂದ ದೂರ ನಿಂತಿತ್ತು. ಮುಖಕ್ಕಿಂತ ಸದ್ದು ಮುಖ್ಯ ಎಂಬುದು ಅವರ ನಿಲುವು. 1990ರ ದಶಕದ ಮೊದಲ ವರ್ಷಗಳಲ್ಲಿ ಯುರೋಪಿನ ರೇವ್ ಕೂಟಗಳಲ್ಲಿ ಟೆಕ್ನೋ ದಿನದಿನಕ್ಕೆ ವೇಗವಾಗಿ, ಗದ್ದಲವಾಗಿ, ಆಟಿಕೆಯಂತಾಗುತ್ತಿತ್ತು. ಹುಡ್ ಹೇಳಿಕೊಂಡಂತೆ 'ಮಿನಿಮಲ್ ನೇಷನ್' ಅದಕ್ಕೆ ಕೊಟ್ಟ ಉತ್ತರ. ಮಾಂಸವನ್ನೆಲ್ಲ ತೆಗೆದು ಎಲುಬು ಉಳಿಸುವುದು, ಆ ಎಲುಬಿನಲ್ಲೇ ಆತ್ಮವಿದೆಯೇ ಎಂದು ನೋಡುವುದು. ಬಡತನದಿಂದ ಬಂದ 'ಕಡಿಮೆ' ಇಲ್ಲಿ ಬೇಕೆಂದೇ ಆರಿಸಿಕೊಂಡ 'ಕಡಿಮೆ' ಆಯಿತು.

ಅತ್ತ ಬರ್ಲಿನ್ ಗೋಡೆ 1989ರ ನವೆಂಬರ್ 9ರಂದು ಬಿತ್ತು. ಮರುತಿಂಗಳೇ ಕ್ರಾಯ್ಟ್ಸ್‌ಬರ್ಗ್ ಬಡಾವಣೆಯಲ್ಲಿ ಮಾರ್ಕ್ ಎರ್ನೆಸ್ಟಸ್ 'ಹಾರ್ಡ್ ವ್ಯಾಕ್ಸ್' ಎಂಬ ರೆಕಾರ್ಡ್ ಅಂಗಡಿ ತೆರೆದ. ಡೆಟ್ರಾಯಿಟ್, ಷಿಕಾಗೊಗಳ ತಟ್ಟೆಗಳು ಬರ್ಲಿನ್ನಿಗೆ ಬಂದಿಳಿಯುವ ಬಂದರು ಅದೇ ಆಯಿತು. ಪೂರ್ವ ಬರ್ಲಿನ್ನಿನಲ್ಲಿ ಯಜಮಾನರಿಲ್ಲದ ಕಟ್ಟಡಗಳು ಬೇಕಾದಷ್ಟಿದ್ದವು. ನಾಜಿಗಳು ಯಹೂದಿ ಮನೆತನವೊಂದರಿಂದ ಕಸಿದುಕೊಂಡಿದ್ದ ವೆರ್ಟ್‌ಹೈಮ್ ಮಳಿಗೆಯ ನೆಲಮಾಳಿಗೆಯ ತಿಜೋರಿ ಕೋಣೆಯಲ್ಲಿ 1991ರ ಮಾರ್ಚಿನಲ್ಲಿ 'ಟ್ರೆಸರ್' ಕ್ಲಬ್ ಶುರುವಾಯಿತು. ಅದರದೇ ಲೇಬಲ್ಲಿನ ಮೊದಲ ರೆಕಾರ್ಡ್ ಮಾಡಿದ್ದು ಅಂಡರ್‌ಗ್ರೌಂಡ್ ರೆಸಿಸ್ಟೆನ್ಸ್ ಗುಂಪು. ಖಾಲಿಯಾಗುತ್ತಿದ್ದ ಒಂದು ಊರಿನ ಸದ್ದು ಆಗಷ್ಟೇ ತೆರೆದುಕೊಂಡ ಇನ್ನೊಂದು ಊರಿನ ಖಾಲಿ ಜಾಗಗಳನ್ನು ತುಂಬಿತು.

ಎರ್ನೆಸ್ಟಸ್ 1993ರಲ್ಲಿ ಮೊರಿಟ್ಸ್ ಫಾನ್ ಓಸ್ವಾಲ್ಡ್ ಜೊತೆ 'ಬೇಸಿಕ್ ಚಾನೆಲ್' ಶುರುಮಾಡಿದ. ಅದರ ಹೆಸರಿನಲ್ಲಿ ಬಂದದ್ದು ಒಂಬತ್ತೇ ಹನ್ನೆರಡು ಇಂಚಿನ ರೆಕಾರ್ಡುಗಳು. ಚೀಟಿಯ ಮೇಲೆ ಹೆಸರು ಓದಲಾಗದಷ್ಟು ಅಳಿಸಿದಂಥ ಅಕ್ಷರ, ಮಾಡಿದವರು ಯಾರೆಂಬುದರ ಸುಳಿವು ಅಷ್ಟಕ್ಕಷ್ಟೆ. ಡೆಟ್ರಾಯಿಟ್‌ನ ಲಯಕ್ಕೆ ಅವರು ಜಮೈಕಾದ ಡಬ್ ಸಂಗೀತದ ಪ್ರತಿಧ್ವನಿಯನ್ನು ಬೆರೆಸಿದರು. 1970ರ ದಶಕದಲ್ಲಿ ಕಿಂಗ್‌ಸ್ಟನ್‌ನ ಕಿಂಗ್ ಟಬ್ಬಿ ಹಾಡಿನಿಂದ ಗಾಯನವನ್ನು ತೆಗೆದು, ಉಳಿದದ್ದನ್ನೇ ಹೊಸ ಹಾಡು ಮಾಡಿದ್ದ. ಕಳೆಯುವುದೂ ರಚಿಸುವುದೇ ಎಂಬುದು ಅಲ್ಲಿ ಮೊದಲೇ ಗೊತ್ತಿತ್ತು. ಆಮೇಲೆ ಇವರು ಬರ್ಲಿನ್ನಿನಲ್ಲೇ 'ಡಬ್‌ಪ್ಲೇಟ್ಸ್ ಅಂಡ್ ಮಾಸ್ಟರಿಂಗ್' ಎಂಬ ಕೊರೆಯುವ ಸ್ಟುಡಿಯೋವನ್ನೂ ಕಟ್ಟಿದರು. ಮಾಡುವ ಕೈ, ಕೊರೆಯುವ ಕೈ, ಮಾರುವ ಕೈ ಒಂದೇ ಓಣಿಯಲ್ಲಿ ಸೇರಿದವು.

ಆಮೇಲಿನದು ವೇಗವಾಗಿ ನಡೆಯಿತು. ಕಲೋನ್ ನಗರದ ವೊಲ್ಫ್‌ಗಾಂಗ್ ಫೋಯ್ಗ್ಟ್ 'ಸ್ಟುಡಿಯೋ 1' ಸರಣಿಯಲ್ಲಿ ರೆಕಾರ್ಡುಗಳಿಗೆ ಬರೀ ಬಣ್ಣಗಳ ಹೆಸರಿಟ್ಟ. 1997ರಲ್ಲಿ ಶುರುವಾದ ಪರ್ಲಾನ್ ಲೇಬಲ್ ಇಂಟರ್ನೆಟ್ಟಿನ ಕಾಲದಲ್ಲೂ ತಟ್ಟೆಗೇ ಅಂಟಿಕೊಂಡಿತು. 2000ದ ದಶಕದಲ್ಲಿ 'ಮಿನಿಮಲ್' ಯುರೋಪಿನ ಕ್ಲಬ್ಬುಗಳ ಫ್ಯಾಷನ್ ಆಯಿತು. ಲ್ಯಾಪ್‌ಟಾಪಿನಲ್ಲಿ ಸಾವಿರ ಸದ್ದು ಇಟ್ಟುಕೊಂಡವರು ಹತ್ತನ್ನು ಮಾತ್ರ ಬಳಸಿದರು. ಒಳ್ಳೆಯ ರೆಕಾರ್ಡುಗಳು ಬಂದವು, ಬೇಸರ ತರಿಸುವವೂ ಬಂದವು. ಆದರೆ ಹೊಸ ಕೇಳುಗರಲ್ಲಿ ಹಲವರಿಗೆ ಇದು ಜರ್ಮನ್ ಸಂಗೀತ. ಮುಖ ಬೇಡ, ಹೆಸರು ಬೇಡ ಎಂಬ ತತ್ವ ಇಲ್ಲಿ ತಿರುಗಿ ಹೊಡೆಯಿತು. ಹೆಸರಿಲ್ಲದ ತಟ್ಟೆ ಗಡಿಗಳನ್ನು ಸುಲಭವಾಗಿ ದಾಟುತ್ತದೆ. ದಾಟಿದ ಮೇಲೆ ಅದು ಯಾರದು ಎಂದು ಮರೆಯುವುದೂ ಅಷ್ಟೇ ಸುಲಭ.

ಹೀಗೆ ಮರೆತುಹೋದದ್ದನ್ನು ತಟ್ಟೆಯೇ ಮರಳಿ ತಂದುಕೊಟ್ಟ ಒಂದು ಉದಾಹರಣೆ ಮುಂಬೈಯಲ್ಲಿದೆ. ರೋಲ್ಯಾಂಡ್‌ನ ಅದೇ 808, ಅದೇ 303 ಹಿಂದಿ ಸಿನಿಮಾ ವಾದ್ಯಗಾರ ಚರಣ್‌ಜಿತ್ ಸಿಂಗ್‌ರ ಕೈಗೂ ಸಿಕ್ಕಿದ್ದವು. 1982ರಲ್ಲಿ ಅವರು ಭೈರವ್, ಲಲಿತ್ ಮುಂತಾದ ಹತ್ತು ರಾಗಗಳನ್ನು ಡಿಸ್ಕೊ ಲಯಕ್ಕೆ ಕೂರಿಸಿದ ಎಲ್‌ಪಿಯನ್ನು ಎಚ್‌ಎಂವಿ ಹೊರತಂದಿತು. ಅದು ಮಾರಾಟವಾಗಲಿಲ್ಲ. 2010ರಲ್ಲಿ ಡಚ್ ಸಂಗ್ರಾಹಕರೊಬ್ಬರು ಮತ್ತೆ ಒತ್ತಿಸಿದಾಗ, 'ಆಸಿಡ್ ಟ್ರ್ಯಾಕ್ಸ್'ಗಿಂತ ಐದು ವರ್ಷ ಮೊದಲೇ ಅಂಥದೇ ಸದ್ದು ಭಾರತದಲ್ಲಿ ಕೇಳಿಸಿತ್ತೆಂದು ಜಗತ್ತು ಬೆರಗಾಯಿತು. ಷಿಕಾಗೊದವರು ಇದನ್ನು ಕೇಳಿ ಕಲಿತರೆನ್ನಲು ಆಧಾರವಿಲ್ಲ. ಒಂದೇ ಯಂತ್ರ, ಎರಡು ಊರು, ಎರಡು ದಾರಿ. ಆದರೆ 2015ರಲ್ಲಿ ತೀರಿಕೊಳ್ಳುವ ಮುಂಚೆ ಸಿಂಗ್ ಯುರೋಪಿನ ವೇದಿಕೆಗಳಲ್ಲಿ ಅದನ್ನು ನುಡಿಸುವಂತಾಯಿತು. ಅದಕ್ಕೆ ಕಾರಣ, ಯಾವುದೋ ಕಪಾಟಿನಲ್ಲಿ ಉಳಿದಿದ್ದ ತಟ್ಟೆ ಮತ್ತು ಅದರ ರಕ್ಷಾಕವಚದ ಮೇಲಿದ್ದ ಹೆಸರು.

ತಟ್ಟೆಯ ಲೋಕವೂ ಗಟ್ಟಿಯೇನಲ್ಲ. ಡಿಜೆಗಳ ಪ್ರೀತಿಯ ಟೆಕ್ನಿಕ್ಸ್ ಎಸ್‌ಎಲ್-1200 ಟರ್ನ್‌ಟೇಬಲ್ಲಿನ ತಯಾರಿಕೆ 2010ರಲ್ಲಿ ನಿಂತು 2016ರಲ್ಲಿ ಮರಳಿ ಶುರುವಾಯಿತು. 2020ರ ಫೆಬ್ರವರಿಯಲ್ಲಿ ಕ್ಯಾಲಿಫೋರ್ನಿಯಾದ ಅಪೋಲೊ ಮಾಸ್ಟರ್ಸ್ ಕಾರ್ಖಾನೆ ಸುಟ್ಟುಹೋದಾಗ, ಇಡೀ ಜಗತ್ತಿಗೆ ಲ್ಯಾಕರ್ ತಟ್ಟೆ ಪೂರೈಸುತ್ತಿದ್ದ ಎರಡೇ ಕಾರ್ಖಾನೆಗಳಲ್ಲಿ ಒಂದು ಇಲ್ಲವಾಯಿತು. ಉಳಿದದ್ದು ಜಪಾನಿನದು. ಇಷ್ಟಾದರೂ ಡೆಟ್ರಾಯಿಟ್, ಬರ್ಲಿನ್‌ಗಳ ಸಣ್ಣ ಲೇಬಲ್ಲುಗಳು ಇಂದಿಗೂ ಕೆಲವು ನೂರು ಪ್ರತಿಗಳ ಹೊಸ ರೆಕಾರ್ಡುಗಳನ್ನು ತರುತ್ತಿವೆ.

2024ರ ಮಾರ್ಚಿನಲ್ಲಿ ಬರ್ಲಿನ್ನಿನ ಟೆಕ್ನೋ ಸಂಸ್ಕೃತಿಯನ್ನು ಜರ್ಮನಿ ತನ್ನ ಅಮೂರ್ತ ಪರಂಪರೆಯ ರಾಷ್ಟ್ರೀಯ ಪಟ್ಟಿಗೆ ಸೇರಿಸಿತು. ಬರ್ಲಿನ್ ಅದಕ್ಕೆ ಅರ್ಹವೇ. ಮೂವತ್ತು ವರ್ಷ ಆ ಸಂಗೀತಕ್ಕೆ ಮನೆಯಾಗಿ ನಿಂತ ಊರು ಅದು. ಡೆಟ್ರಾಯಿಟ್‌ನಲ್ಲಿ ಅಂಡರ್‌ಗ್ರೌಂಡ್ ರೆಸಿಸ್ಟೆನ್ಸ್ ಬಳಗ ತನ್ನ ಕಟ್ಟಡದಲ್ಲಿ 'ಎಗ್ಸಿಬಿಟ್ 3000' ಎಂಬ ಪುಟ್ಟ ಟೆಕ್ನೋ ಸಂಗ್ರಹಾಲಯವನ್ನು ತಾನೇ ನಡೆಸುತ್ತಿದೆ. ರಾಬರ್ಟ್ ಹುಡ್ ಅಲಬಾಮಾದ ಹಳ್ಳಿಗಾಡಿಗೆ ಹೋಗಿ ನೆಲೆಸಿದ, ಕ್ರೈಸ್ತ ಬೋಧಕನಾದ. ಈಗ ಮಗಳು ಲಿರಿಕ್ ಜೊತೆ 'ಫ್ಲೋರ್‌ಪ್ಲ್ಯಾನ್' ಹೆಸರಿನಲ್ಲಿ ಚರ್ಚಿನ ಗಾಯನ ಬೆರೆಸಿದ ಹೌಸ್ ರೆಕಾರ್ಡುಗಳನ್ನು ತರುತ್ತಾನೆ.

ರಾನ್ ಮರ್ಫಿ 2008ರಲ್ಲಿ ತೀರಿಕೊಂಡ. ಅವನು ಕೊರೆದ ತಟ್ಟೆಗಳು ಬರ್ಲಿನ್, ಟೋಕಿಯೊ, ಲಂಡನ್ನಿನ ಕಪಾಟುಗಳಲ್ಲಿವೆ. ಕೆಲವದರ ಚೀಟಿಯ ಮೇಲೆ ಮಾಡಿದವರ ಹೆಸರಿಲ್ಲ, ಊರಿನ ಹೆಸರೂ ಇಲ್ಲ. ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದರೆ, ಕೊನೆಯ ಗೀರಿನ ಪಕ್ಕದಲ್ಲಿ ಮೂರು ಅಕ್ಷರಗಳು ಕಾಣುತ್ತವೆ.