ಮೀಟರ್ ಬೋರ್ಡ್ ದಾಟಿದ ಮೇಲೆ ಯಾರ ಜವಾಬ್ದಾರಿ?

ಇವತ್ತಿನ ಕಂತು ಕುಪ್ಪಳ್ಳಿಯಿಂದ ಶುರು. ಕವಿಮನೆ ನೋಡಿದೀರಲ್ವಾ? ಮೂರಂತಸ್ತು, ದಪ್ಪ ಮರದ ಕಂಬಗಳು, ಮೇಲೆ ಹೆಂಚು. ಕುವೆಂಪು ಹುಟ್ಟಿದ್ದು 1904ರ ಡಿಸೆಂಬರ್ 29ಕ್ಕೆ. ಅಷ್ಟರಲ್ಲಾಗಲೇ, 1902ರಲ್ಲೇ, ಶಿವನಸಮುದ್ರದ ಕರೆಂಟು ಕೋಲಾರದ ಚಿನ್ನದ ಗಣಿ ಮುಟ್ಟಿತ್ತು. 1905ರಲ್ಲಿ ಬೆಂಗಳೂರಿನ ಬೀದಿದೀಪ ಹತ್ತಿತು. ಕುಪ್ಪಳ್ಳಿ ಕಡೆ ಮಾತ್ರ ಇನ್ನೂ ಎಣ್ಣೆದೀಪದ ಕಾಲ. ಆಮೇಲೆ 1948ರ ಹೊತ್ತಿಗೆ ಜೋಗದಲ್ಲಿ ವಿದ್ಯುತ್ ಹುಟ್ಟಿತು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಎದ್ದು, ಸಾಗರ, ಹೊಸನಗರ ಸೀಮೆಯ ಎಷ್ಟೋ ಊರು ಮುಳುಗಿದವು. ಆ ಕಥೆ ನಿಮಗೆ ಗೊತ್ತೇ ಇದೆ. ಕರೆಂಟು ಮನೆಯೊಳಗೆ ಬಂದ ಮೇಲೆ ಅದನ್ನ ನೋಡ್ಕೊಳ್ಳೋರು ಯಾರು ಅನ್ನೋ ಕಥೆ ಅಷ್ಟಾಗಿ ಯಾರೂ ಹೇಳಲ್ಲ.

ನನಗೂ ಇದು ಹೊಳೆದಿದ್ದು ಕಳೆದ ಮಳೆಗಾಲದಲ್ಲಿ. ತೀರ್ಥಹಳ್ಳಿ ತಾಲ್ಲೂಕಿನ ನಮ್ಮ ಅಜ್ಜಿ ಮನೆಯೂ ಮರದ್ದೇ. ಒಂದು ರಾತ್ರಿ ಅಟ್ಟದಿಂದ ಸುಟ್ಟ ವಾಸನೆ. ಮೇನ್ ಆಫ್ ಮಾಡಿ ಟಾರ್ಚ್ ಹಿಡಿದು ನೋಡಿದರೆ, ತೊಲೆ ಮೇಲೆ ಕಪ್ಪು ಕಲೆ, ವೈರಿನ ಸಿಪ್ಪೆ ಕರಗಿದೆ. ಬೆಳಿಗ್ಗೆ ಬಂದ ಎಲೆಕ್ಟ್ರಿಷಿಯನ್ ಫ್ಯೂಸ್ ಕಿತ್ತು ತೋರಿಸಿದರು: ಒಳಗೆ ದಪ್ಪ ತಾಮ್ರದ ತಂತಿ. ದೊಡ್ಡಪ್ಪ ಅಂದ್ರು, “ಫ್ಯೂಸ್ ದಿನಾ ಹೋಗ್ತಿತ್ತು ಮಾರಾಯ, ಅದಕ್ಕೇ ಹಾಕ್ದೆ.” ಲೋಡ್ ಜಾಸ್ತಿಯಾದಾಗ ಮೊದಲು ಕರಗಬೇಕಿದ್ದು ಫ್ಯೂಸ್ ತಂತಿ. ಅದು ಕರಗದೆ ಅಟ್ಟದ ವೈರ್ ಕಾದಿತ್ತು.

“ಇದನ್ನ ಕೊನೇ ಸಲ ಚೆಕ್ ಮಾಡಿದ್ದು ಯಾವಾಗ?” ಎಲೆಕ್ಟ್ರಿಷಿಯನ್ ಕೇಳಿದ್ರು. ಅಜ್ಜಿ, ದೊಡ್ಡಪ್ಪ, ನಾನು ಮುಖ ಮುಖ ನೋಡ್ಕೊಂಡ್ವಿ.

ಹಾಗಾಗಿ ಹಳೇ ಕಾನೂನು ಹುಡುಕಿ ಓದಿದೆ. ಬ್ರಿಟಿಷ್ ಇಂಡಿಯಾದ 1910ರ ವಿದ್ಯುತ್ ಕಾಯ್ದೆಯಲ್ಲೇ ಎಲೆಕ್ಟ್ರಿಕಲ್ ಇನ್‌ಸ್ಪೆಕ್ಟರ್ ಅನ್ನೋ ಹುದ್ದೆ ಇತ್ತು. ಸ್ವಾತಂತ್ರ್ಯದ ನಂತರ ಬಂದ 1956ರ ನಿಯಮಗಳು ಇನ್ನೂ ಸ್ಪಷ್ಟ. ಸಂಪರ್ಕ ಪಡೆದ ಪ್ರತಿ ವೈರಿಂಗನ್ನೂ ಹೆಚ್ಚೆಂದರೆ ಐದು ವರ್ಷಕ್ಕೊಮ್ಮೆ ಇನ್‌ಸ್ಪೆಕ್ಟರ್ ಕಡೆಯವರೋ, ಕರೆಂಟು ಕೊಡೋರೋ ಪರೀಕ್ಷೆ ಮಾಡಬೇಕು. ವೈರಿಂಗ್ ಕೆಲಸ ಲೈಸೆನ್ಸ್ ಇರೋ ಗುತ್ತಿಗೆದಾರರದ್ದು. ಬಲ್ಬು, ಸ್ವಿಚ್ಚು, ಫ್ಯೂಸ್ ನಾವೇ ಬದಲಿಸಬಹುದು, ಆದರೆ ಅದರ ಸಾಮರ್ಥ್ಯ ಬದಲಾಗಬಾರದು. ಅಂದ್ರೆ ದೊಡ್ಡಪ್ಪನ ತಂತಿಗೂ ಅಲ್ಲಿ ಉತ್ತರ ಇತ್ತು!

ಹಳ್ಳಿಹಳ್ಳಿಗೂ ಕರೆಂಟು ಬಂತು. ಐದು ವರ್ಷಕ್ಕೊಮ್ಮೆ ಬರಬೇಕಾದವರು ನಮ್ಮ ಅಜ್ಜಿಯ ನೆನಪಲ್ಲಂತೂ ಒಮ್ಮೆಯೂ ಬಂದಿಲ್ಲ.

ಮುಂದೆ 2003ರ ಕಾಯ್ದೆ, ಅದರಡಿ 2010ರ ಸುರಕ್ಷತಾ ನಿಯಮಗಳು ಬಂದವು. ಅದೇ 2010ರ ಫೆಬ್ರವರಿ 23ರಂದು ಬೆಂಗಳೂರಿನ ಹಳೇ ಏರ್‌ಪೋರ್ಟ್ ರಸ್ತೆಯ ಕಾರ್ಲ್‌ಟನ್ ಟವರ್ಸ್‌ನಲ್ಲಿ ವಿದ್ಯುತ್ ಕೇಬಲ್‌ಗಳ ಡಕ್ಟಿನಿಂದ ಹೊಗೆ ಎದ್ದಿತು. ಒಂಬತ್ತು ಜನ ಸತ್ತರು, ಕೆಲವರು ಕಿಟಕಿಯಿಂದ ಹಾರಿ. ಆಮೇಲೂ ಕಾನೂನು ಬದಲಾಗ್ತಾ ಹೋಯ್ತು. ಈಗ ರಾಜ್ಯ ಸರ್ಕಾರ ಗೊತ್ತುಪಡಿಸಿದ ವೋಲ್ಟೇಜಿಗಿಂತ ಮೇಲಿದ್ದರೆ ಇನ್‌ಸ್ಪೆಕ್ಟರ್ ನೋಡಬೇಕು. ಅದಕ್ಕಿಂತ ಕೆಳಗಿದ್ದರೆ ಮಾಲೀಕರೇ ಪರೀಕ್ಷೆ ಮಾಡಿಸಿ, ಸರಿಯಿದೆ ಅಂತ ತಾವೇ ದೃಢೀಕರಿಸಬೇಕು.

ನಾನು ಓದಿದ್ದು ಬಿಕಾಂ. ಆಡಿಟ್ ಕ್ಲಾಸಿನ ಮೊದಲ ಪಾಠ ಇನ್ನೂ ನೆನಪಿದೆ: ಲೆಕ್ಕ ಬರೆದವನೇ ಲೆಕ್ಕ ತಪಾಸಣೆ ಮಾಡಬಾರದು. ಕಂಪನಿ ದುಡ್ಡಿಗೆ ಅಷ್ಟು ಕಟ್ಟುನಿಟ್ಟು. ಮನೆಯೊಳಗಿನ ವೈರಿಗೆ, ಎಪ್ಪತ್ತೆಂಟು ವರ್ಷದ ಅಜ್ಜಿಯೇ ಆಡಿಟರ್. ಪ್ರತಿ ಮನೆಗೂ ಇನ್‌ಸ್ಪೆಕ್ಟರನ್ನ ಕಳಿಸೋಕೆ ಆಗಲ್ಲ, ಒಪ್ತೀನಿ. ಆದ್ರೆ ಜವಾಬ್ದಾರಿ ನಿಮ್ಮ ಕೈಗೆ ಬಂದಿದೆ ಅಂತ ಹೇಳೋಕಾದರೂ ಯಾರಾದರೂ ಬರಬೇಕಿತ್ತಲ್ವಾ? ತಿಂಗಳ ಬಿಲ್ ಅಂತೂ ತಪ್ಪದೆ ಬರುತ್ತೆ.

ಅಜ್ಜಿ ಮನೆಗೆ ಹೊಸ ವೈರ್ ಆಯ್ತು, ಅರ್ಥಿಂಗ್ ಆಯ್ತು, ಷಾಕ್ ತಡೆಯೋ ಬ್ರೇಕರ್ ಕೂತಿತು. ಮೀಟರ್ ಬೋರ್ಡಿನ ಪಕ್ಕ ಒಂದು ಚೀಟಿ ಅಂಟಿಸಿದೀನಿ. ಪರೀಕ್ಷೆ ಮಾಡಿಸಿದ ತಾರೀಕು, ಅದರ ಕೆಳಗೆ ಐದು ವರ್ಷದ ನಂತರದ ತಾರೀಕು. ಈ ಸಲ ಊರಿಗೆ ಹೋದಾಗ ನಿಮ್ಮ ಮನೆ ಬೋರ್ಡನ್ನೂ ಒಮ್ಮೆ ನೋಡಿ. ಫ್ಯೂಸ್ ಒಳಗೆ ಯಾವ ತಂತಿ ಇದೆ, ಹಾಕಿದ್ದು ಯಾರು ಅಂತ ಕೇಳಿ. ಸಿಗೋಣ.