ಸಲಹೆಯಾಗಿಯೇ ಉಳಿದ ಚಿಕಿತ್ಸೆ

ಖಿನ್ನತೆಯಿಂದ ಬಳಲುವವರಿಗೆ ಇವತ್ತು ಧಾರಾಳವಾಗಿ ಸಿಗುವುದು ಉಪದೇಶ. ಬೇಗ ಏಳಿ, ನಡೆಯಿರಿ, ಪ್ರಾಣಾಯಾಮ ಮಾಡಿ, ಸೊಪ್ಪು ತರಕಾರಿ ತಿನ್ನಿ, ಮಾತ್ರೆಯ ಗೊಡವೆ ಬೇಡ ಎಂಬ ಮಾತು ಪತ್ರಿಕೆಯ ಪುರವಣಿಗಳಿಂದ ಹಿಡಿದು ಮೊಬೈಲ್ ಸಂದೇಶಗಳವರೆಗೆ ಹಬ್ಬಿದೆ. ಹೇಳುವವರು ಸಂಶೋಧನೆಯ ಆಸರೆಯನ್ನೂ ಪಡೆಯುತ್ತಾರೆ. ಆದರೆ ಈ ಸಂಶೋಧನೆ ನಡೆದುಬಂದ ದಾರಿಯನ್ನು ತಾಳ್ಮೆಯಿಂದ ನೋಡಿದರೆ ಅದು ಹೇಳಿರುವುದು ಬೇರೆ. ದೇಹದ ಅಭ್ಯಾಸಗಳು ಮನಸ್ಸಿನ ಕಾಯಿಲೆಯನ್ನು ನಿಜಕ್ಕೂ ತಗ್ಗಿಸಬಲ್ಲವು. ಅವನ್ನು ಚಿಕಿತ್ಸೆಯ ಹಾಗೆ, ಅಳತೆ, ಅವಧಿ, ಕಲಿಸುವವರು, ಜತೆಗಾರರು ಎಲ್ಲ ಇರುವಂತೆ ಕೊಟ್ಟಾಗ. ಬರೀ ಸಲಹೆಯಾಗಿ ಕೊಟ್ಟಾಗ ಅವುಗಳ ಶಕ್ತಿ ಬಹುಮಟ್ಟಿಗೆ ಸೋರಿಹೋಗುತ್ತದೆ.

ಮೊದಲ ಘಟ್ಟವನ್ನು ಬೇಗ ದಾಟಬಹುದು. 1796ರಲ್ಲಿ ಇಂಗ್ಲೆಂಡಿನ ಯಾರ್ಕ್‌ನಲ್ಲಿ ವಿಲಿಯಂ ಟ್ಯೂಕ್ ತೆರೆದ ಆಶ್ರಯಧಾಮದಲ್ಲಿ ನಡಿಗೆ, ತೋಟದ ಕೆಲಸ, ಹೊಟ್ಟೆ ತುಂಬ ಊಟ ಇವೇ ಆರೈಕೆಯ ಭಾಗವಾಗಿದ್ದವು. ನಂತರದ ದೊಡ್ಡ ಆಸ್ಪತ್ರೆಗಳಲ್ಲಿ ಆ ಕಾಳಜಿ ಕರಗಿತು. 1950ರ ದಶಕದಲ್ಲಿ ಪರಿಣಾಮಕಾರಿ ಔಷಧಿಗಳು ಬಂದ ಮೇಲೆ ರೋಗಿ ಏನು ತಿನ್ನುತ್ತಾನೆ, ಎಷ್ಟು ನಿದ್ದೆ ಮಾಡುತ್ತಾನೆ ಎಂಬುದು ಕೇಸ್ ಶೀಟಿನ ಒಂದು ಸಾಲಿಗೆ ಇಳಿಯಿತು. ಔಷಧಿಗಳು ಉಳಿಸಿದ ಜೀವಗಳ ಲೆಕ್ಕ ದೊಡ್ಡದು, ಅದನ್ನು ಮರೆಯುವವರೊಂದಿಗೆ ವಾದ ಮಾಡಿ ಪ್ರಯೋಜನವಿಲ್ಲ.

ನಿಜವಾದ ತಿರುವು ಬಂದದ್ದು ಔಷಧಿಯನ್ನು ಅಳೆಯುವ ತಕ್ಕಡಿಯಲ್ಲೇ ಅಭ್ಯಾಸಗಳನ್ನೂ ಇಟ್ಟು ತೂಗಿದಾಗ. 1999ರಲ್ಲಿ ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ಜೇಮ್ಸ್ ಬ್ಲೂಮೆಂಥಾಲ್ ತಂಡ ಖಿನ್ನತೆಯಿದ್ದ, 50 ದಾಟಿದ 156 ಜನರನ್ನು ಮೂರು ಗುಂಪು ಮಾಡಿತು: ಒಂದಕ್ಕೆ ವ್ಯಾಯಾಮ, ಒಂದಕ್ಕೆ ಸರ್ಟ್ರಲೀನ್ ಎಂಬ ಖಿನ್ನತೆಯ ಮಾತ್ರೆ, ಮತ್ತೊಂದಕ್ಕೆ ಎರಡೂ. ಮಾತ್ರೆ ಬೇಗ ಕೆಲಸ ಮಾಡಿತು; 16 ವಾರ ಕಳೆಯುವಷ್ಟರಲ್ಲಿ ಮೂರೂ ಗುಂಪುಗಳು ಹೆಚ್ಚುಕಡಿಮೆ ಒಂದೇ ಮಟ್ಟಕ್ಕೆ ಬಂದಿದ್ದವು. ಈ ಫಲಿತಾಂಶವನ್ನು ಉದಾಹರಿಸುವವರು ಬಿಟ್ಟುಬಿಡುವ ವಿವರವೊಂದಿದೆ. ಆ ವ್ಯಾಯಾಮ ವಾರಕ್ಕೆ ಮೂರು ಬಾರಿ, ಗುಂಪಿನಲ್ಲಿ, ತರಬೇತುದಾರರ ಕಣ್ಣೆದುರು, ನಾಡಿಮಿಡಿತದ ಲೆಕ್ಕವಿಟ್ಟು ನಡೆದದ್ದು.

ಮರುವರ್ಷವೇ ಬೆಂಗಳೂರಿನ ನಿಮ್ಹಾನ್ಸ್‌ನಿಂದ ಬಂದ ಅಧ್ಯಯನಕ್ಕೆ ಸಿಗಬೇಕಾದಷ್ಟು ಗಮನ ಇನ್ನೂ ಸಿಕ್ಕಿಲ್ಲ. ಎನ್. ಜಾನಕಿರಾಮಯ್ಯ, ಬಿ.ಎನ್. ಗಂಗಾಧರ್ ಮತ್ತು ಸಂಗಡಿಗರು ತೀವ್ರ ಖಿನ್ನತೆಯಿಂದ ದಾಖಲಾದ 45 ರೋಗಿಗಳಲ್ಲಿ ಸುದರ್ಶನ ಕ್ರಿಯೆಯ ಉಸಿರಾಟ, ಇಮಿಪ್ರಮಿನ್ ಮಾತ್ರೆ ಮತ್ತು ಇಸಿಟಿ ಎಂಬ ವಿದ್ಯುತ್ ಚಿಕಿತ್ಸೆ, ಈ ಮೂರನ್ನು ಹೋಲಿಸಿದರು. ನಾಲ್ಕು ವಾರಗಳಲ್ಲಿ ಇಸಿಟಿ ಪಡೆದವರಲ್ಲಿ ಶೇ 93, ಮಾತ್ರೆಯವರಲ್ಲಿ ಶೇ 73, ಉಸಿರಾಟದ ಗುಂಪಿನಲ್ಲಿ ಶೇ 67 ಮಂದಿ ಚೇತರಿಸಿಕೊಂಡರು. ಗುಂಪಿಗೆ 15 ಜನರಷ್ಟೇ ಇದ್ದುದರಿಂದ ಇದು ಕೊನೆಯ ತೀರ್ಪಲ್ಲ. ಆದರೂ ಯೋಗವನ್ನು ಶ್ರದ್ಧೆಯ ವಿಷಯವಾಗಿ ಬಿಡದೆ, ಅದು ಎಲ್ಲಿ ಇಸಿಟಿಗಿಂತ ಹಿಂದೆ ಬೀಳುತ್ತದೆ ಎಂಬುದನ್ನೂ ಮುಚ್ಚಿಡದೆ ಅಳೆದದ್ದು ನಿಮ್ಹಾನ್ಸ್‌ನ ಈ ಸಂಶೋಧನಾ ಪರಂಪರೆಯ ದೊಡ್ಡತನ. 2007ರಲ್ಲಿ ಅಲ್ಲಿಂದಲೇ ಬಂದ ಇನ್ನೊಂದು ಅಧ್ಯಯನದಲ್ಲಿ ಸ್ಕಿಜೋಫ್ರೇನಿಯಾದ 61 ರೋಗಿಗಳ ಪೈಕಿ ಯೋಗ ಕಲಿತವರು ನಾಲ್ಕು ತಿಂಗಳ ಕೊನೆಗೆ ಸಾಮಾನ್ಯ ವ್ಯಾಯಾಮ ಮಾಡಿದವರಿಗಿಂತ ರೋಗಲಕ್ಷಣಗಳಲ್ಲೂ ದಿನದ ಬದುಕಿನಲ್ಲೂ ಮೇಲಿದ್ದರು. ಅಲ್ಲಿ ಯೋಗವಿದ್ದದ್ದು ಔಷಧಿಯ ಜತೆಗೆ, ಅದರ ಬದಲಿಗಲ್ಲ. ಯೋಗದ ಹೆಸರಿನಲ್ಲಿ ಮಾತ್ರೆ ಬಿಡಿಸುವವರು ಇದನ್ನು ಓದಬೇಕು.

ಈ ವಾದಕ್ಕಿರುವ ಆಕ್ಷೇಪಗಳೂ ಗಟ್ಟಿಯಾದವೇ. 2012ರಲ್ಲಿ ಬ್ರಿಟನ್ನಿನ 361 ಖಿನ್ನ ರೋಗಿಗಳ ಮೇಲೆ ನಡೆದ ಟ್ರೆಡ್ ಪ್ರಯೋಗ ವ್ಯಾಯಾಮದಿಂದ ಲಾಭವಿಲ್ಲ ಎಂಬ ತಲೆಬರಹಗಳಿಗೆ ಕಾರಣವಾಯಿತು. ಅಲ್ಲಿ ಕೊಟ್ಟದ್ದು ಕೆಲವು ಭೇಟಿಗಳು ಮತ್ತು ದೂರವಾಣಿ ಕರೆಗಳ ಮೂಲಕ ಪ್ರೋತ್ಸಾಹ. ಜನ ತಾವು ಹೆಚ್ಚು ಚಟುವಟಿಕೆಯಿಂದಿದ್ದೇವೆ ಎಂದರು, ಖಿನ್ನತೆ ಮಾತ್ರ ಇಳಿಯಲಿಲ್ಲ. ನನ್ನ ದೃಷ್ಟಿಯಲ್ಲಿ ಈ ಪ್ರಯೋಗದಲ್ಲಿ ಸೋತದ್ದು ಸಲಹೆ. ಮರುವರ್ಷ ಹಲವು ಪ್ರಯೋಗಗಳನ್ನು ಒಟ್ಟಿಗೆ ತೂಗಿದ ಕಾಕ್ರೇನ್ ಸಮೀಕ್ಷೆ ಹೆಚ್ಚು ಕಷ್ಟದ ಪ್ರಶ್ನೆ ಎತ್ತಿತು: ಕಟ್ಟುನಿಟ್ಟಾದ ಆರು ಅಧ್ಯಯನಗಳನ್ನಷ್ಟೇ ಇಟ್ಟುಕೊಂಡರೆ ಪರಿಣಾಮ ತೀರ ಚಿಕ್ಕದಾಗುತ್ತಿತ್ತು. ತಾನು ನಡೆಯುತ್ತಿದ್ದೇನೆಂಬುದು ರೋಗಿಗೆ ಗೊತ್ತಿರುವಾಗ ಗುಣವಾದದ್ದು ನಡಿಗೆಯಿಂದಲೋ ನಾಲ್ಕು ಜನರ ಒಡನಾಟದಿಂದಲೋ ಹೇಳುವುದು ಹೇಗೆ? ಇದಕ್ಕೆ ಒಂದಿಷ್ಟು ಉತ್ತರ ಬಂದದ್ದು ಆಹಾರದ ಕಡೆಯಿಂದ. 2017ರಲ್ಲಿ ಆಸ್ಟ್ರೇಲಿಯಾದ ಫೆಲೀಸ್ ಜಾಕಾ ತಂಡ 67 ಜನರನ್ನು ಎರಡು ಪಾಲು ಮಾಡಿ, ಒಂದಕ್ಕೆ ಆಹಾರತಜ್ಞರ ಮಾರ್ಗದರ್ಶನ, ಇನ್ನೊಂದಕ್ಕೆ ಅಷ್ಟೇ ಸಲ ಆತ್ಮೀಯ ಮಾತುಕತೆ ಒದಗಿಸಿತು. 12 ವಾರಗಳಲ್ಲಿ ಚೇತರಿಸಿಕೊಂಡವರು ಕ್ರಮವಾಗಿ ಶೇ 32 ಮತ್ತು ಶೇ 8. ಪ್ರಯೋಗ ಚಿಕ್ಕದಾದರೂ ಎಲ್ಲವನ್ನೂ ಒಡನಾಟದ ಖಾತೆಗೇ ಹಾಕಲಾಗದು ಎಂಬುದಕ್ಕೆ ಇದು ಸಾಕ್ಷಿ. ಅದೇ ವರ್ಷ ಆಕ್ಸ್‌ಫರ್ಡ್‌ನ ಡೇನಿಯಲ್ ಫ್ರೀಮನ್ 3,755 ವಿದ್ಯಾರ್ಥಿಗಳ ಪೈಕಿ ಒಂದು ಗುಂಪಿನ ನಿದ್ರಾಹೀನತೆಗೆ ಚಿಕಿತ್ಸೆ ಕೊಟ್ಟಾಗ ಅವರ ಅನುಮಾನ, ಭ್ರಮೆಗಳೂ ತಗ್ಗಿದವು. ನಿದ್ದೆಗೇಡು ಮನೋರೋಗದ ಲಕ್ಷಣ ಮಾತ್ರವೆಂಬ ಹಳೆಯ ನಂಬಿಕೆ ಅಲ್ಲಿಗೆ ಸಡಿಲಾಯಿತು.

ಖಿನ್ನರಾದವರು ನಡೆಯುವುದನ್ನು ಬಿಡುತ್ತಾರೆ, ನಡೆಯದ್ದರಿಂದ ಖಿನ್ನರಾಗುವುದಿಲ್ಲ ಎಂಬ ಇನ್ನೊಂದು ವಾದವಿದೆ. ನಾರ್ವೆಯಲ್ಲಿ ಆರೋಗ್ಯವಾಗಿದ್ದ 33,908 ಜನರನ್ನು 11 ವರ್ಷ ಅನುಸರಿಸಿದ ಹಂಟ್ ಅಧ್ಯಯನ ಇದನ್ನು ಪೂರ್ತಿ ಅಲ್ಲಗಳೆಯದಿದ್ದರೂ ಬಹಳ ದುರ್ಬಲಗೊಳಿಸಿತು: ಎಲ್ಲರೂ ವಾರಕ್ಕೆ ಒಂದು ಗಂಟೆ ವ್ಯಾಯಾಮ ಮಾಡಿದ್ದರೆ ಮುಂದೆ ಬಂದ ಖಿನ್ನತೆಯಲ್ಲಿ ಶೇ 12ರಷ್ಟನ್ನು ತಡೆಯಬಹುದಿತ್ತು ಎಂಬುದು ಅದರ ಅಂದಾಜು. ಆತಂಕದ ಕಾಯಿಲೆಗೆ ಮಾತ್ರ ಅಂಥ ರಕ್ಷಣೆ ಕಾಣಲಿಲ್ಲ.

ಇಷ್ಟಾದರೂ ಅಳೆದದ್ದು ಹೆಚ್ಚಾಗಿ ಬಿಡುವಿನ ವೇಳೆಯ ವ್ಯಾಯಾಮವನ್ನು. 2017ರಲ್ಲಿ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿದ ವಿಶ್ಲೇಷಣೆಯೊಂದರಲ್ಲಿ ಬಿಡುವಿನ ಚಟುವಟಿಕೆ ಮನಸ್ಸಿನ ಸ್ವಾಸ್ಥ್ಯದೊಂದಿಗೆ ಕೂಡಿ ಬಂತು. ಹೊಟ್ಟೆಪಾಡಿನ ದೈಹಿಕ ದುಡಿಮೆ ಅನಾರೋಗ್ಯದೊಂದಿಗೆ. ಹಾಗಿದ್ದರೆ ದಿನವಿಡೀ ಬಾಗಿ ನಾಟಿ ಹಾಕುವ ಮಂಡ್ಯದ ಹೆಂಗಸಿಗೆ, ಪೀಣ್ಯದ ಗಾರ್ಮೆಂಟ್ಸ್‌ನಲ್ಲಿ ನಿಂತೇ ದುಡಿದು ಮನೆಗೆ ಬಂದು ಅಡುಗೆಗೆ ಇಳಿಯುವವಳಿಗೆ ನಾವು ಬರೆದುಕೊಡುವ ಅಭ್ಯಾಸ ಯಾವುದು? ಆಕೆಗೆ ಬೇಕಿರುವುದು ಇನ್ನಷ್ಟು ನಡಿಗೆಯೋ, ಒಂದು ಗಂಟೆ ಹೆಚ್ಚಿನ ನಿದ್ದೆಯೋ, ತಟ್ಟೆಗೆ ಬೇಳೆ ಮೊಟ್ಟೆಯೋ? ಡ್ಯೂಕ್‌ನ ಫಲಿತಾಂಶವನ್ನು ಹಾಗೇ ತಂದು ಆಕೆಯ ಮುಂದಿಟ್ಟರೆ ಕಾಯಿಲೆಗೆ ಆಕೆಯ ಸೋಮಾರಿತನವೇ ಕಾರಣವೆಂದು ಹೇಳಿದಂತಾಗುತ್ತದೆ. ಇನ್ನು ವ್ಯವಸ್ಥೆಯ ಮಾತಿಗೆ ಬಂದರೆ, 2015–16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ, ಕಾಯಿಲೆ ಯಾವುದೆಂಬುದನ್ನು ಅವಲಂಬಿಸಿ, ಶೇ 70ರಿಂದ 92ರಷ್ಟು ರೋಗಿಗಳಿಗೆ ಚಿಕಿತ್ಸೆಯೇ ತಲುಪಿಲ್ಲ. ಜಿಲ್ಲಾ ಮಾನಸಿಕ ಆರೋಗ್ಯ ತಂಡದಲ್ಲಿ ಮನೋವೈದ್ಯರು, ಮನಶ್ಶಾಸ್ತ್ರಜ್ಞರು, ಸಮಾಜಕಾರ್ಯಕರ್ತರು, ದಾದಿಯರು ಇರುತ್ತಾರೆ. ವ್ಯಾಯಾಮವನ್ನೋ ಆಹಾರವನ್ನೋ ನೋಡಿಕೊಳ್ಳುವುದೇ ಕೆಲಸವಾದವರು ಬೇಕೆಂಬ ಮಾತು ಅಲ್ಲಿ ಅಪರೂಪ. 1980ರ ದಶಕದಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರು, ಕಾರ್ಯಕರ್ತರಿಗೆ ತರಬೇತಿ ಕೊಟ್ಟರೆ ಮನೋರೋಗ ಚಿಕಿತ್ಸೆ ಹಳ್ಳಿಗೆ ಹೋಗಬಲ್ಲದೆಂದು ಬಳ್ಳಾರಿಯಲ್ಲಿ ತೋರಿಸಿದ್ದರು. ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ರೂಪುಗೊಂಡದ್ದು ಆ ಮಾದರಿಯ ಮೇಲೆ. ನಿದ್ದೆ, ಊಟ, ವಿಶ್ರಾಂತಿ, ಉಸಿರಾಟಗಳನ್ನು ಔಷಧಿಯ ಜತೆ ಸೇರಿಸಿ, ಕಲಿಸುವವರನ್ನು ನೇಮಿಸಿ, ದುಡಿಯುವ ಹೆಂಗಸರಲ್ಲೇ ಪರೀಕ್ಷಿಸುವ ಪ್ರಯೋಗವನ್ನು ಅಂಥದೇ ಒಂದು ಜಿಲ್ಲೆಯಲ್ಲಿ ಕೈಗೊಳ್ಳಬೇಕು, ಅದರ ಖರ್ಚನ್ನು ಸರ್ಕಾರ ಹೊರಬೇಕು.