ಪ್ರವಾದಿವರ್ಯರ(ಸ) ಮನೆಯೊಳಗಿನ ಕಾರುಣ್ಯ

ಹಿಜರಿ 88ರ ಸುಮಾರಿಗೆ, ಅಂದರೆ ಕ್ರಿ.ಶ. 707ರಲ್ಲಿ, ಉಮವೀ ಖಲೀಫ ವಲೀದ್ ಬಿನ್ ಅಬ್ದುಲ್ ಮಲಿಕ್‌ರ ಆಜ್ಞಾಪತ್ರವೊಂದು ಮದೀನಾ ತಲುಪಿತು. ಮಸ್ಜಿದುನ್ನಬವಿಯನ್ನು ವಿಸ್ತರಿಸಬೇಕು, ಅದಕ್ಕೆ ತಾಗಿಕೊಂಡಿರುವ ಪ್ರವಾದಿಪತ್ನಿಯರ ಕೋಣೆಗಳ ಜಾಗವನ್ನು ಮಸೀದಿಗೆ ಸೇರಿಸಬೇಕು ಎಂಬುದು ಆ ಆಜ್ಞೆ. ಆಗ ಮದೀನಾದ ರಾಜ್ಯಪಾಲರಾಗಿದ್ದವರು ಉಮರ್ ಬಿನ್ ಅಬ್ದುಲ್ ಅಝೀಝ್(ರಹ್). ಪತ್ರವನ್ನು ಓದಿ ಹೇಳಿದ ದಿನ ಮದೀನಾದ ಜನರು ಕಣ್ಣೀರಿಟ್ಟರೆಂದು ಇತಿಹಾಸಕಾರ ಇಬ್ನು ಸಅದ್ ದಾಖಲಿಸಿದ್ದಾರೆ. ಆ ಕಾಲದ ಮಹಾವಿದ್ವಾಂಸ ಸಈದ್ ಬಿನ್ ಮುಸಯ್ಯಬ್‌ರು(ರಹ್), ಆ ಕೋಣೆಗಳನ್ನು ಇದ್ದ ಹಾಗೆಯೇ ಬಿಟ್ಟಿದ್ದರೆ ಮುಂದಿನ ತಲೆಮಾರುಗಳು ಪ್ರವಾದಿವರ್ಯರು(ಸ) ಎಷ್ಟರಲ್ಲಿ ತೃಪ್ತರಾಗಿದ್ದರೆಂಬುದನ್ನು ಕಣ್ಣಾರೆ ಕಾಣುತ್ತಿದ್ದವು ಎಂದು ಹಂಬಲಿಸಿದರು.

ಆ ಕೋಣೆಗಳಾದರೂ ಎಂಥವು? ಹಸಿ ಇಟ್ಟಿಗೆ, ಖರ್ಜೂರದ ಕಾಂಡ, ಮಣ್ಣು ಮೆತ್ತಿದ ಗರಿಗಳು. ಬಾಗಿಲಿಗೆ ಉಣ್ಣೆ ಕೂದಲಿನ ಒರಟು ಪರದೆ. ತರುಣನಾಗಿದ್ದಾಗ ಒಳಹೊಕ್ಕರೆ ಕೈಗೆ ಚಾವಣಿ ತಾಗುತ್ತಿತ್ತೆಂದು ಹಸನ್ ಬಸರಿ(ರಹ್) ನೆನೆದಿದ್ದಾರೆ. ರಾತ್ರಿ ದೀಪವಿರುತ್ತಿರಲಿಲ್ಲ. ಪ್ರವಾದಿವರ್ಯರು(ಸ) ನಮಾಝ್‌ಗೆ ನಿಂತಾಗ ಸುಜೂದ್ ಮಾಡಲು ಜಾಗವಾಗಲೆಂದು ಮಲಗಿದ್ದ ಹ. ಆಯಿಶಾ(ರ) ಕಾಲು ಮಡಚಿಕೊಳ್ಳಬೇಕಾಗಿತ್ತು. ಕೆಲವೊಮ್ಮೆ ಎರಡೆರಡು ತಿಂಗಳು ಒಲೆ ಉರಿಯುತ್ತಿರಲಿಲ್ಲ. ಖರ್ಜೂರ ಮತ್ತು ನೀರೇ ಆಹಾರ.

ಇಷ್ಟು ಇಕ್ಕಟ್ಟಿನ, ಇಷ್ಟು ಬಡತನದ ಮನೆಯಲ್ಲಿ ಮಾತು ಬಿರುಸಾಗುವುದಕ್ಕೆ ಕಾರಣಗಳು ಬೇಕಾದಷ್ಟಿದ್ದವು. ಹಾಗಾದರೆ ಆ ಗೋಡೆಗಳ ಒಳಗೆ ನಿಜವಾಗಿ ನಡೆದುದೇನು? ಇದಕ್ಕೆ ಉತ್ತರ ನೀಡಿದವರು ಆಸ್ಥಾನದ ಬರಹಗಾರರಲ್ಲ. ಆ ಮನೆಯಲ್ಲಿ ಬಾಳಿದವರು, ಅಲ್ಲಿ ಚಾಕರಿ ಮಾಡಿದವರು. ಪ್ರವಾದಿವರ್ಯರ(ಸ) ನಿಧನದ ಬಳಿಕ ಹ. ಆಯಿಶಾ(ರ) ಸುಮಾರು 46 ವರ್ಷ ಜೀವಿಸಿದ್ದರು. ಅವರ ಬಳಿಗೆ ದೂರದ ಊರುಗಳಿಂದ ಜ್ಞಾನಾರ್ಥಿಗಳು ಬರುತ್ತಿದ್ದರು. ಅವರಲ್ಲೊಬ್ಬರಾದ ಕೂಫಾದ ಅಸ್ವದ್ ಬಿನ್ ಯಝೀದ್(ರಹ್) ನೇರವಾಗಿ ಕೇಳಿಯೇ ಬಿಟ್ಟರು: ಪ್ರವಾದಿವರ್ಯರು(ಸ) ಮನೆಯಲ್ಲಿ ಏನು ಮಾಡುತ್ತಿದ್ದರು? ಮನೆಯವರ ಸೇವೆಯಲ್ಲಿರುತ್ತಿದ್ದರು, ನಮಾಝ್‌ನ ಸಮಯವಾದೊಡನೆ ಹೊರಡುತ್ತಿದ್ದರು ಎಂಬುದು ಆಯಿಶಾರ(ರ) ಉತ್ತರವಾಗಿತ್ತು. ಬಟ್ಟೆ ಹೊಲಿದುಕೊಳ್ಳುತ್ತಿದ್ದರು, ಪಾದರಕ್ಷೆ ದುರಸ್ತಿ ಮಾಡುತ್ತಿದ್ದರು, ಮೇಕೆಯ ಹಾಲು ಕರೆಯುತ್ತಿದ್ದರು ಎಂಬ ವಿವರಗಳು ಇತರ ವರದಿಗಳಲ್ಲಿವೆ. ಅರೇಬಿಯಾದ ಗೋತ್ರಗಳು ನಿಯೋಗಗಳನ್ನು ಕಳುಹಿಸುತ್ತಿದ್ದ ನಾಯಕರೊಬ್ಬರು ಮನೆಯೊಳಗೆ ಸೂಜಿ ಹಿಡಿದು ಕುಳಿತಿರುತ್ತಿದ್ದರು ಎಂಬುದನ್ನು ನಾವು ಒಮ್ಮೆ ಕಣ್ಮುಂದೆ ತಂದುಕೊಳ್ಳಬೇಕು.

ಎರಡನೆಯ ಸಾಕ್ಷಿ ಹ. ಅನಸ್ ಬಿನ್ ಮಾಲಿಕ್(ರ). ಹಿಜ್ರಾದ ವೇಳೆ ಅವರು ಹತ್ತು ವರ್ಷದ ಬಾಲಕ. ಹತ್ತು ವರ್ಷಗಳ ಸೇವೆಯಲ್ಲಿ ತಮ್ಮ ಮೇಲೆ ಒಮ್ಮೆಯೂ ಬೇಸರದ ಉದ್ಗಾರ ಬಂದಿಲ್ಲ, ಮಾಡಿದ್ದಕ್ಕೆ ಏಕೆ ಮಾಡಿದೆಯೆಂದೋ ಬಿಟ್ಟಿದ್ದಕ್ಕೆ ಏಕೆ ಬಿಟ್ಟೆಯೆಂದೋ ಕೇಳಲಿಲ್ಲ ಎಂದು ಅವರು ಸಾಕ್ಷ್ಯ ನುಡಿದಿದ್ದಾರೆ. ಒಂದು ದಿನ ಕೆಲಸಕ್ಕೆಂದು ಹೊರಟ ಅನಸ್(ರ) ಪೇಟೆಯಲ್ಲಿ ಆಡುತ್ತಿದ್ದ ಹುಡುಗರ ಬಳಿ ನಿಂತುಬಿಟ್ಟರು. ಹಿಂದಿನಿಂದ ಯಾರೋ ಕತ್ತನ್ನು ಮೆಲ್ಲನೆ ಹಿಡಿದಂತಾಯಿತು. ತಿರುಗಿ ನೋಡಿದರೆ ಪ್ರವಾದಿವರ್ಯರು(ಸ), ಮುಖದಲ್ಲಿ ನಗು. ಮುದ್ದಿನಿಂದ ‘ಉನೈಸ್’ ಎಂದು ಕರೆದು, ಹೇಳಿದ ಕಡೆಗೆ ಹೋದೆಯಾ ಎಂದು ವಿಚಾರಿಸಿದರು. ಹುಡುಗ ಈಗ ಹೊರಟೆನೆಂದ. ವಿಷಯ ಅಲ್ಲಿಗೇ ಮುಗಿಯಿತು.

ಇನ್ನೊಂದು ಘಟನೆ ಸಹೀಹುಲ್ ಬುಖಾರಿಯಲ್ಲಿದೆ. ಪ್ರವಾದಿವರ್ಯರು(ಸ) ಒಬ್ಬ ಪತ್ನಿಯ ಕೋಣೆಯಲ್ಲಿದ್ದಾಗ ಇನ್ನೊಬ್ಬ ಪತ್ನಿ ತಟ್ಟೆಯಲ್ಲಿ ಆಹಾರ ಕಳುಹಿಸಿದರು. ಕೋಣೆಯಲ್ಲಿದ್ದ ಪತ್ನಿಗೆ ಅದು ಸಹನೆಯಾಗಲಿಲ್ಲ. ಸೇವಕನ ಕೈಗೆ ಹೊಡೆದಾಗ ತಟ್ಟೆ ಬಿದ್ದು ಒಡೆಯಿತು. ಪ್ರವಾದಿವರ್ಯರು(ಸ) ತಾವೇ ತಟ್ಟೆಯ ಚೂರುಗಳನ್ನು ಕೂಡಿಸಿದರು, ಚೆಲ್ಲಿದ ಆಹಾರವನ್ನು ಅದರಲ್ಲಿ ಸೇರಿಸಿದರು, ನಿಮ್ಮ ತಾಯಿಗೆ ಮತ್ಸರವಾಯಿತೆಂದು ಅಲ್ಲಿದ್ದವರಿಗೆ ಹೇಳಿ ಪತ್ನಿಯ ಮಾನ ಉಳಿಸಿದರು. ಬಳಿಕ ಆ ಮನೆಯ ಒಳ್ಳೆಯ ತಟ್ಟೆಯನ್ನು ತಟ್ಟೆ ಕಳೆದುಕೊಂಡವರಿಗೆ ಕೊಡಿಸಿ, ಒಡೆದುದನ್ನು ಒಡೆದವರ ಮನೆಯಲ್ಲಿ ಇರಿಸಿದರು. ಇಲ್ಲಿ ಪತ್ನಿಗೆ ಅವಮಾನವಾಗಲಿಲ್ಲ, ಇನ್ನೊಬ್ಬರಿಗೆ ಅನ್ಯಾಯವೂ ಆಗಲಿಲ್ಲ. ಮನೆಯ ಕಾರುಣ್ಯಕ್ಕೆ ನ್ಯಾಯದ ಹಂಗಿಲ್ಲವೆಂದು ಭಾವಿಸುವವರು ಈ ಘಟನೆಯ ಕೊನೆಯ ಭಾಗವನ್ನು ಮರೆಯಬಾರದು.

ಮಕ್ಕಳ ವಿಷಯದಲ್ಲಿಯೂ ಹಾಗೆಯೇ. ಮೊಮ್ಮಗ ಹಸನ್‌ರಿಗೆ(ರ) ಮುತ್ತಿಕ್ಕಿದ್ದನ್ನು ಕಂಡ ತಮೀಮ್ ಗೋತ್ರದ ಅಕ್ರಅ್ ಬಿನ್ ಹಾಬಿಸ್‌ರು ತನಗೆ ಹತ್ತು ಮಕ್ಕಳಿದ್ದರೂ ಒಬ್ಬರಿಗೂ ಮುತ್ತಿಕ್ಕಿಲ್ಲವೆಂದರು. ಗೋತ್ರನಾಯಕರ ಗಾಂಭೀರ್ಯವೆಂದರೆ ಆಗ ಅದೇ ಆಗಿತ್ತೇನೋ. ಆದರೆ ಕರುಣೆ ತೋರದವನಿಗೆ ಕರುಣೆ ದೊರೆಯದು ಎಂಬ ಎಚ್ಚರಿಕೆ ಅವರಿಗೆ ಸಿಕ್ಕಿತು. ಮಗಳು ಹ. ಫಾತಿಮಾ(ರ) ಬಂದರೆ ಪ್ರವಾದಿವರ್ಯರು(ಸ) ಎದ್ದು ನಿಂತು, ಕೈಹಿಡಿದು, ತಮ್ಮ ಜಾಗದಲ್ಲಿ ಕುಳ್ಳಿರಿಸುತ್ತಿದ್ದರು. ಹೆಣ್ಣುಮಕ್ಕಳನ್ನು ಜೀವಂತ ಹೂಳಿದ ಕಥೆಗಳು ಇನ್ನೂ ಹಳತಾಗಿರದ ನಾಡು ಅದು.

ಕಾರುಣ್ಯವು ಒಂದೇ ದಿಕ್ಕಿನಲ್ಲಿ ಹರಿಯಲಿಲ್ಲ ಎಂಬುದನ್ನೂ ಗಮನಿಸಬೇಕು. ಕ್ರಿ.ಶ. 610ರಲ್ಲಿ ಹಿರಾ ಗುಹೆಯಿಂದ ನಡುಗುತ್ತ ಬಂದ ಪತಿಗೆ ಹ. ಖದೀಜಾ(ರ) ಮೊದಲು ಹೊದಿಸಿದರು, ಅವರು ಶಾಂತರಾಗುವ ತನಕ ಕಾದರು, ಆಮೇಲೆ ಅವರ ಗುಣಗಳನ್ನೇ ನೆನಪಿಸಿ ಧೈರ್ಯ ಹೇಳಿದರು. ಆ ಋಣವನ್ನು ಪ್ರವಾದಿವರ್ಯರು(ಸ) ಮರೆಯಲಿಲ್ಲ. ಖದೀಜಾ(ರ) ತೀರಿಕೊಂಡು ವರ್ಷಗಳಾದ ಮೇಲೂ ಆಡು ಕೊಯ್ದಾಗಲೆಲ್ಲ ಅವರ ಗೆಳತಿಯರ ಮನೆಗಳಿಗೆ ಮಾಂಸ ಕಳುಹಿಸುತ್ತಿದ್ದರು.

ಆದರೆ ಮದೀನಾದ ಎಲ್ಲ ಮನೆಗಳೂ ಹೀಗಿದ್ದವೆಂದು ಇತಿಹಾಸ ಹೇಳುವುದಿಲ್ಲ. ಗಂಡಂದಿರ ಹೊಡೆತದ ದೂರು ಹೊತ್ತು ಬಹಳಷ್ಟು ಮಹಿಳೆಯರು ಪ್ರವಾದಿಪತ್ನಿಯರ ಬಳಿಗೆ ಬಂದ ಪ್ರಸಂಗವನ್ನು ಅಬೂದಾವೂದ್ ವರದಿ ಮಾಡಿದ್ದಾರೆ. ಆ ಗಂಡಂದಿರು ಹೊರಗಿನವರಲ್ಲ, ಅದೇ ಸಮುದಾಯದವರು. ಪ್ರವಾದಿವರ್ಯರು(ಸ) ಅದನ್ನು ಮನೆಯೊಳಗಿನ ಗುಟ್ಟೆಂದು ಮುಚ್ಚಿಡಲಿಲ್ಲ. ಅಂಥವರು ನಿಮ್ಮಲ್ಲಿ ಉತ್ತಮರಲ್ಲ ಎಂದು ಬಹಿರಂಗವಾಗಿಯೇ ಸಾರಿದರು. ಸ್ವತಃ ಅವರು ಎಂದೂ ಹೆಣ್ಣಿನ ಮೇಲಾಗಲಿ ಸೇವಕನ ಮೇಲಾಗಲಿ ಕೈಯೆತ್ತಿದವರಲ್ಲ ಎಂಬುದಕ್ಕೆ ಆಯಿಶಾರ(ರ) ಸಾಕ್ಷ್ಯವಿದೆ. ಒಬ್ಬ ಮನುಷ್ಯ ಉತ್ತಮನೇ ಅಲ್ಲವೇ ಎಂದು ಅಳೆಯುವ ಜಾಗವನ್ನು ಅವರು ಮನೆಯೊಳಕ್ಕೆ ತಂದಿಟ್ಟರು.

ಈ ಅಳತೆಗೋಲಿನ ಮುಂದೆ ನಾವಿಂದು ನಿಲ್ಲಬಲ್ಲೆವೆ? ಜಮಾಅತ್ ಸಭೆಯಲ್ಲಿ ನಾವು ಸೌಮ್ಯರು, ಅಂಗಡಿಯಲ್ಲಿ ಗಿರಾಕಿಯೊಡನೆ ವಿನಯವಂತರು. ಮನೆಯ ಹೊಸ್ತಿಲಲ್ಲಿ ಚಪ್ಪಲಿಯ ಜೊತೆಗೆ ಆ ಸೌಜನ್ಯವನ್ನೂ ಕಳಚಿಡುತ್ತೇವೆ. ತಂದೆಯ ಬೈಕಿನ ಸದ್ದು ಕೇಳಿದೊಡನೆ ಮಕ್ಕಳ ನಗು ನಿಲ್ಲುವ ಮನೆಗಳು ನಮ್ಮಲ್ಲಿವೆ. ಪ್ರವಾದಿವರ್ಯರು(ಸ) ಆಹಾರವನ್ನು ಎಂದೂ ಹಳಿಯುತ್ತಿರಲಿಲ್ಲ, ಇಷ್ಟವಾದರೆ ಉಣ್ಣುತ್ತಿದ್ದರು, ಇಲ್ಲವಾದರೆ ಬಿಡುತ್ತಿದ್ದರು ಎಂಬುದನ್ನು ಬಲ್ಲ ನಾವು ಸಾರಿಗೆ ಉಪ್ಪು ಕಡಿಮೆಯಾದರೆ ಮನೆಮಂದಿಯ ಊಟವನ್ನೇ ಕೆಡಿಸುತ್ತೇವೆ. ಕೊಲ್ಲಿ ನಾಡಿನಲ್ಲಿ ದುಡಿಯುವವರ ಫೋನು ಬಂದರೆ ಕೆಲವೆಡೆ ಲೆಕ್ಕಪತ್ರದ ವಿಚಾರಣೆಯೇ ಹೊರತು ಕ್ಷೇಮದ ಮಾತಿಲ್ಲ; ಆ ಕಡೆಯಿಂದ ದುಡಿದು ದಣಿದವನನ್ನು ವಿಚಾರಿಸುವವರೂ ಇಲ್ಲ. ಸೊಸೆಯ ಕೈಯಿಂದ ಬಿದ್ದ ಬಟ್ಟಲು ತಿಂಗಳುಗಟ್ಟಲೆ ಮಾತಾಗಿ ಉಳಿಯುತ್ತದೆ.

ನಾವು ಮಾಡಬೇಕಾದದ್ದು ದೊಡ್ಡದೇನಲ್ಲ. ಹರಿದುದನ್ನು ನಾವೇ ಹೊಲಿದುಕೊಳ್ಳಬಹುದು. ಒಡೆದುದರ ಚೂರುಗಳನ್ನು ಗದರದೆ ಆಯ್ದುಕೊಳ್ಳಬಹುದು. ತವರಿಗೆ ಬಂದ ಮಗಳಿಗೆ ಎದ್ದು ಜಾಗ ಕೊಡಬಹುದು. ಆಟದಲ್ಲಿ ಕೆಲಸ ಮರೆತ ಮಗುವನ್ನು ಮುದ್ದಿನ ಹೆಸರಿನಿಂದ ಕರೆಯಬಹುದು. ಇವುಗಳಿಗೆ ಹಣ ಬೇಡ, ವಿಶಾಲವಾದ ಮನೆಯೂ ಬೇಡ. ಕೈ ಎತ್ತಿದರೆ ಚಾವಣಿ ತಾಗುತ್ತಿದ್ದ ಕೋಣೆಗಳಲ್ಲಿ ಇವೆಲ್ಲ ನಡೆದಿವೆ.

ಪ್ರವಾದಿವರ್ಯರ(ಸ) ಮನೆಯ ಮಣ್ಣಿನ ಗೋಡೆಗಳು ಇಂದಿಲ್ಲ. ಅವುಗಳೊಳಗಿನ ನಡತೆ ಉಳಿದು ಬಂದದ್ದು ಮನೆಯವರ ನಾಲಗೆಯ ಮೇಲೆ. ನಮ್ಮ ಕಾಲಾನಂತರ ನಮ್ಮ ಮನೆಯವರನ್ನೂ ಯಾರಾದರೂ ಕೇಳಬಹುದು: ಅವರು ಮನೆಯಲ್ಲಿ ಹೇಗಿದ್ದರು? ಆಗ ನಮ್ಮ ಮಡದಿ ಮಕ್ಕಳು ತಡವರಿಸದೆ ಒಳ್ಳೆಯ ಮಾತನ್ನಾಡುವಂತೆ ಬಾಳಲು ಅಲ್ಲಾಹನು ನಮ್ಮೆಲ್ಲರನ್ನೂ ಅನುಗ್ರಹಿಸಲಿ. ಆಮೀನ್.